ಮಸ್ಕಿಯ ಬಂಡೆ ಮತ್ತು ಮತದ ಬೆಲೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ ಸಿಕ್ಕುತ್ತದೆ. ಭತ್ತ, ಹತ್ತಿಗಳ ವ್ಯಾಪಾರಕ್ಕಾಗಿ ಈ ಹಾದಿಯಲ್ಲಿ ಓಡಾಡುವವರು ಅಲ್ಲಿನ ಗುಡ್ಡವನ್ನು ದೂರದಿಂದಲೇ ಕಂಡು, ಮಲ್ಲಿಕಾರ್ಜುನನಿಗೆ ಕೈಮುಗಿದು ಮುಂದೆ ಸಾಗುವುದು ರೂಢಿ. ಅದೇ ಊರಿನ ಒಂದು ಬಂಡೆಯ ಮೇಲೆ ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಕೊರೆದ ಕೆಲವು ಸಾಲುಗಳಿವೆಯೆಂಬುದನ್ನು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಆ ಸಾಲುಗಳಲ್ಲಿ ಏನಿದೆಯೆಂಬುದನ್ನು ಬಲ್ಲವರು ಮಾತ್ರ ವಿರಳ.

ಈ ಊರಿನ ಹೆಸರು ಇತ್ತೀಚೆಗೆ ಬೇರೊಂದು ಕಾರಣದಿಂದಲೂ ರಾಜ್ಯದ ಇತಿಹಾಸವನ್ನು ಸೇರಿತು. ೨೦೧೮ರಿಂದ ೨೦೨೧ರವರೆಗೆ ಮಸ್ಕಿ ವಿಧಾನಸಭಾ ಕ್ಷೇತ್ರದಲ್ಲಿ ನಡೆದ ಸಂಗತಿಗಳು ಸರ್ವೋಚ್ಚ ನ್ಯಾಯಾಲಯದ ಒಂದು ಮಹತ್ವದ ತೀರ್ಪಿಗೆ ಸಂಬಂಧಿಸಿದ್ದವು. ಮತದಾರನಿಗೆ ತನ್ನ ಪ್ರತಿನಿಧಿಯ ಮೇಲೆ ಎಷ್ಟು ಹಕ್ಕಿದೆಯೆಂಬ ಪ್ರಶ್ನೆಯನ್ನು ನಮ್ಮ ಮನೆಬಾಗಿಲಿಗೇ ತಂದುವು. ಪ್ರಾಚೀನವಾದ ಆ ಬಂಡೆಯನ್ನೂ ಆಧುನಿಕವಾದ ಈ ವ್ಯಾಜ್ಯವನ್ನೂ ಜೊತೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಶ್ನೆ ಇಷ್ಟೇ: ಆಳುವವರ ಅಧಿಕಾರಕ್ಕೆ ಎಲ್ಲೆಯನ್ನು ಹಾಕುವುದು ಯಾವುದು? ಆಳುವವನ ಸದ್ಗುಣವೇ, ಬರೆದಿಟ್ಟ ಕಟ್ಟಳೆಯೇ, ಅಥವಾ ಪ್ರಜೆಯ ಮತವೇ?

ಬಂಡೆಯ ಮಾತು

ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದ ಸಿ. ಬೀಡನ್ ಎಂಬವರು ಗುರುತಿಸಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿಯೇ ಓದಿದ್ದರೂ, ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿದ್ದಿತು. ಅಶೋಕನೆಂಬ ಹೆಸರನ್ನೇ ಸ್ಪಷ್ಟವಾಗಿ ಹೇಳಿದ ಮೊದಲ ಶಾಸನ ಮಸ್ಕಿಯದು. ಅನಂತರ ಮಧ್ಯಪ್ರದೇಶದ ಗುಜರ್ರಾ ಹಾಗೂ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ದೊರೆಯಿತು.

ಇದಿಷ್ಟು ಪಠ್ಯಪುಸ್ತಕದಲ್ಲಿಯೂ ಇರುವ ಸಂಗತಿ. ನಮಗೆ ಇಲ್ಲಿ ಮುಖ್ಯವಾದುದು ಶಾಸನದ ಒಳಗಿನ ವಿಷಯ. ಧರ್ಮದಲ್ಲಿ ತೊಡಗಿದ ಅಲ್ಪನೂ ಈ ಉನ್ನತಿಯನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಯಾರೂ ಭಾವಿಸಬಾರದು, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಚಿಕ್ಕವನಿಗೆ ಅಲ್ಲಿ ‘ಖುದಕ’ ಎಂದೂ ದೊಡ್ಡವನಿಗೆ ‘ಉಡಾಲಕ’ ಎಂದೂ ಪ್ರಾಕೃತ ಪದಗಳಿವೆ. ಸಾಮ್ರಾಟನೊಬ್ಬನು ತನ್ನ ರಾಜಧಾನಿಯಿಂದ ಬಹುದೂರದ ಈ ದೋಆಬ್ ನೆಲದಲ್ಲಿ ಖುದಕನನ್ನು ನೆನೆದು ಬರೆಯಿಸಿದನೆಂಬುದು ಗಮನಾರ್ಹ.

ಇದನ್ನು ಮತದಾನದ ಹಕ್ಕಿನ ಘೋಷಣೆಯೆಂದು ಓದುವುದು ಅತಿಯಾದೀತು. ಶಾಸನ ಹೇಳುವುದು ಧರ್ಮಸಾಧನೆಯ ಸಮಾನತೆಯನ್ನು, ರಾಜ್ಯಾಧಿಕಾರದ ಸಮಾನತೆಯನ್ನಲ್ಲ. ಆದರೆ ಅಧಿಕಾರದ ಮಿತಿಯ ಕುರಿತೂ ಅಶೋಕನು ನಮ್ಮ ನಾಡಿನಲ್ಲಿಯೇ ಮಾತನಾಡಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಕಳೆದ ಶತಮಾನದ ಎಂಬತ್ತರ ದಶಕದಲ್ಲಿ, ಅವನ ಪ್ರತ್ಯೇಕ ಶಾಸನಗಳ ಭಾಗಗಳಿರುವ ಶಿಲೆಯೊಂದು ದೊರೆಯಿತು. ಮೊದಲು ಕಳಿಂಗದಲ್ಲಿ ಕಂಡುಬಂದಿದ್ದ ಈ ಶಾಸನಗಳು ಪ್ರಜೆಗಳಿಗೆ ಹೇಳಿದುವಲ್ಲ, ಅಧಿಕಾರಿಗಳಿಗೆ ಹೇಳಿದುವು. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ ಇವು ನ್ಯಾಯ ನಡೆಸುವವನಿಗೆ ಸಲ್ಲವು. ಇದು ನೆರವೇರುತ್ತಿದೆಯೇ ಎಂದು ನೋಡಲು ಐದು ವರ್ಷಗಳಿಗೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಕಳುಹಿಸಲಾಗುವುದು, ಎಂಬಿವು ಅಲ್ಲಿನ ವಿಧಿಗಳು.

ಅಧಿಕಾರಿಯ ಕೈಯನ್ನು ಹಿಡಿದು ನಿಲ್ಲಿಸುವ ಈ ಮಾತುಗಳು ಶ್ರೇಷ್ಠವಾದುವೇ. ಆದರೂ ಇವುಗಳಲ್ಲಿ ಒಂದು ಕೊರತೆಯಿದೆ. ಅಧಿಕಾರಿ ತಪ್ಪಿದರೆ ದೊರೆ ತಿದ್ದುವನು. ದೊರೆಯೇ ತಪ್ಪಿದರೆ ತಿದ್ದುವವರಾರು? ಅದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಎಲ್ಲೆಯನ್ನು ಹಾಕಿದವನೂ ಕಾಯುವವನೂ ಒಬ್ಬನೇ. ಕ್ರಿಸ್ತಪೂರ್ವ ೧೮೫ರ ಸುಮಾರಿಗೆ ಮೌರ್ಯರ ಆಳ್ವಿಕೆ ಮುಗಿಯಿತು. ಬಂಡೆ ಉಳಿಯಿತು, ಅದರಲ್ಲಿ ಹೇಳಿದ್ದನ್ನು ನಡೆಸುವವರು ಉಳಿಯಲಿಲ್ಲ. ಕೆಲವು ಶತಮಾನಗಳಲ್ಲಿ ಆ ಲಿಪಿಯನ್ನು ಓದಬಲ್ಲವರೂ ಇಲ್ಲದಾದರು.

ಫರ್ಮಾನಿನ ಕಾಲ

ಈ ನೆಲದ ಮುಂದಿನ ಇತಿಹಾಸದಲ್ಲಿ ಎಷ್ಟೋ ರಾಜಮನೆತನಗಳು ಬಂದು ಹೋದುವು. ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬಿಗಾಗಿ ನಡೆದ ಯುದ್ಧಗಳನ್ನು ಎಣಿಸುವುದೇ ಕಷ್ಟ. ನಮಗೆ ಸಮೀಪದ ಕಾಲಕ್ಕೆ ಬಂದರೆ, ಈ ಪ್ರದೇಶ ಹೈದರಾಬಾದಿನ ನಿಜಾಮರದಾಗಿದ್ದಿತು. ೧೮೫೩ರ ಒಪ್ಪಂದದಂತೆ ರಾಯಚೂರು ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಒಪ್ಪಿಸಲಾಯಿತು. ೧೮೬೦ರಲ್ಲಿ ಅದು ನಿಜಾಮರಿಗೆ ಮರಳಿತು. ಲಿಂಗಸುಗೂರಿನಲ್ಲಿ ಸೈನ್ಯದ ಛಾವಣಿ ಇದ್ದಿತು. ಅದು ಒಂದು ಜಿಲ್ಲೆಯ ಕೇಂದ್ರವೂ ಆಗಿದ್ದಿತು. ೧೯೦೫ರಲ್ಲಿ ಆ ಜಿಲ್ಲೆಯನ್ನು ಒಡೆದು ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಲಾಯಿತು. ಕೊಟ್ಟಾಗಲೂ, ಮರಳಿ ಪಡೆದಾಗಲೂ, ಒಡೆದಾಗಲೂ ಇಲ್ಲಿಯ ಪ್ರಜೆಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಶಾಸನ ಪರಿಷತ್ತೆಂಬುದು ಇರಲಿಲ್ಲವೆಂದಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, ೧೮೯೩ರಲ್ಲಿಯೇ, ಅಂತಹದೊಂದು ಸ್ಥಾಪಿತವಾಯಿತು. ಆದರೆ ಅದು ಬಹುಮಟ್ಟಿಗೆ ಸರಕಾರಿ ಅಧಿಕಾರಿಗಳ ಸಭೆ. ಜವಾಬ್ದಾರಿ ಸರಕಾರದ ಬೇಡಿಕೆ ಬಲಿತಾಗ, ೧೯೩೭ರಲ್ಲಿ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯೊಂದು ನೇಮಕವಾಯಿತು. ೧೯೩೮ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಕಣ್ಣು ತೆರೆಯುವ ಮೊದಲೇ ನಿಷೇಧಿಸಲಾಯಿತು. ೧೯೩೯ರಲ್ಲಿ ಸುಧಾರಣೆಗಳ ಘೋಷಣೆಯಾಯಿತು.

ಮತದಾನದ ಪದ್ಧತಿಯ ದೃಷ್ಟಿಯಿಂದ ಈ ಘೋಷಣೆ ಕುತೂಹಲಕರವಾದುದು. ಊರು, ತಾಲ್ಲೂಕುಗಳ ಲೆಕ್ಕದಲ್ಲಿ ಪ್ರತಿನಿಧಿಯನ್ನು ಆರಿಸುವ ಬದಲು, ಕೃಷಿ, ವಾಣಿಜ್ಯ, ಕೈಗಾರಿಕೆ, ವಕೀಲಿ ಮೊದಲಾದ ವೃತ್ತಿ ಮತ್ತು ಹಿತಗಳ ಲೆಕ್ಕದಲ್ಲಿ ಆರಿಸಬೇಕೆಂದು ಅದು ಹೇಳಿತು. ಚುನಾಯಿತ ಸದಸ್ಯರಿಗೆ ಸಭೆಯಲ್ಲಿ ಬಹುಮತವಿರಲಿಲ್ಲ. ಕೊನೆಯ ಮಾತು ನಿಜಾಮರದೇ. ಹಿತಾಸಕ್ತಿಯ ಹೆಸರಿನಲ್ಲಿ ಮತ ದೊರೆತಾಗ, ಹೆಸರಿಸಬಹುದಾದ ಹಿತವಾಗಲಿ ಆಸ್ತಿಯಾಗಲಿ ಇಲ್ಲದ ಕೂಲಿಕಾರನು ಎಣಿಕೆಗೇ ಬರುವುದಿಲ್ಲ. ವ್ಯಾಪಾರಿಗೆ ಅಲ್ಲಿ ಸ್ಥಾನವಿದ್ದಿತು, ಖುದಕನಿಗೆ ಇರಲಿಲ್ಲ. ಮುಂದೆ ಈ ಪದ್ಧತಿಯಂತೆ ಚುನಾವಣೆ ನಡೆದಾಗ ಸ್ಟೇಟ್ ಕಾಂಗ್ರೆಸ್ ಅದನ್ನು ಬಹಿಷ್ಕರಿಸಿತು.

೧೯೪೮ರ ಸಪ್ಟೆಂಬರ್ ೧೭ರಂದು ಸಂಸ್ಥಾನದ ಪ್ರತಿರೋಧ ಮುಗಿಯಿತು. ಆ ದಿನವನ್ನು ನಾವು ವರ್ಷವರ್ಷವೂ ಧ್ವಜವೇರಿಸಿ ಆಚರಿಸುತ್ತೇವೆ. ಆದರೆ ೧೯೪೯ರ ನವೆಂಬರ್ ೨೩ರ ದಿನವನ್ನು ನೆನೆಯುವವರು ಕಡಿಮೆ. ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನವಾಗುವುದನ್ನು ಒಪ್ಪಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಫರ್ಮಾನು ಹೊರಡಿಸಿದ ದಿನವದು. ಅದಕ್ಕೆ ಹಿಂದಿನ ಫರ್ಮಾನುಗಳು ಪ್ರಜೆಯನ್ನು ಕಟ್ಟಿಹಾಕುತ್ತಿದ್ದುವು. ಇದು ಹೊರಡಿಸಿದವರನ್ನೇ ಕಟ್ಟಿಹಾಕಿತು. ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕೂಲಿಕಾರನೂ ಜಮೀನುದಾರನೂ, ಗಂಡಸರೂ ಹೆಂಗಸರೂ ಒಂದೊಂದು ಮತವನ್ನು ಪಡೆದರು. ಚಿಕ್ಕವರು ದೊಡ್ಡವರೆಂಬ ಭೇದವಿಲ್ಲವೆಂದ ಬಂಡೆಯ ಮಾತು, ಬೇರೊಂದು ಅರ್ಥದಲ್ಲಿ, ಅದೇ ನೆಲದಲ್ಲಿ ಆಚರಣೆಗೆ ಬಂದುದು ಹೀಗೆ.

ಸೋತವರು ಗೆಲ್ಲಿಸಿಕೊಟ್ಟ ಎಲ್ಲೆಗಳು

ಸಂವಿಧಾನ ಬಂದ ಮಾತ್ರಕ್ಕೆ ಅಧಿಕಾರದ ಎಲ್ಲೆ ಸ್ಥಿರವಾಗಲಿಲ್ಲ. ಅದನ್ನು ಮತ್ತೆ ಮತ್ತೆ ಅಳೆದು ಕಲ್ಲು ನೆಡಬೇಕಾಯಿತು. ಈ ಕಾರ್ಯದಲ್ಲಿ ಕನ್ನಡಿಗರ ಹೆಸರು ಎರಡು ಸಲ ದೇಶದ ನ್ಯಾಯಶಾಸ್ತ್ರದಲ್ಲಿ ಅಚ್ಚೊತ್ತಿದೆ.

ಮೊದಲನೆಯದು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳದು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಗೆ ಕುತ್ತು ಬಂದಾಗ ಅವರು ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಆಶ್ರಯಿಸಿದರು. ಹದಿಮೂರು ನ್ಯಾಯಾಧೀಶರ ಪೀಠವು ೧೯೭೩ರ ಏಪ್ರಿಲ್ ೨೪ರಂದು, ಏಳು ಮತ್ತು ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು ತೀರ್ಮಾನಿಸಿತು. ಎಷ್ಟೇ ದೊಡ್ಡ ಬಹುಮತವಿದ್ದರೂ ದಾಟಲಾಗದ ಗೆರೆಯೊಂದಿದೆ ಎಂದು ಇದರರ್ಥ. ೨೦೨೦ರಲ್ಲಿ ದಿವಂಗತರಾದ ಸ್ವಾಮಿಗಳಿಗೆ ತಾವು ಬೇಡಿದ ಭೂಮಿಯ ಪರಿಹಾರ ದೊರೆಯಲಿಲ್ಲ. ದೇಶಕ್ಕೆ ಮಾತ್ರ ಒಂದು ರಕ್ಷೆ ದೊರೆಯಿತು.

ಎರಡನೆಯದು ಎಸ್. ಆರ್. ಬೊಮ್ಮಾಯಿಯವರದು. ೧೯೮೯ರ ಏಪ್ರಿಲ್ ತಿಂಗಳಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂದೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರಿಗೆ ತಲುಪಿದುವು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪುತಿಳಿವಳಿಕೆ ಕೊಟ್ಟು ಪಡೆಯಲಾಯಿತೆಂದು ಮರುದಿನಗಳಲ್ಲಿಯೇ ಬರೆದರು. ಸದನದಲ್ಲಿ ಬಹುಮತವನ್ನು ತೋರಿಸುವೆನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ದೊರೆಯದೆ ಏಪ್ರಿಲ್ ೨೧ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತವನ್ನು ಪರೀಕ್ಷಿಸುವ ಸ್ಥಳ ಸದನವೇ ಹೊರತು ರಾಜಭವನವಲ್ಲವೆಂದೂ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಹೇಳಿತು. ಅಷ್ಟು ಹೊತ್ತಿಗೆ ಐದು ವರ್ಷಗಳು ಕಳೆದಿದ್ದುವು. ಬೊಮ್ಮಾಯಿಯವರಿಗೆ ಕಳೆದುಕೊಂಡ ಅಧಿಕಾರ ಮರಳಲಿಲ್ಲ. ಆದರೆ ಅನಂತರ ಬಂದ ಸರಕಾರಗಳನ್ನು ಹಾಗೆ ಸುಲಭವಾಗಿ ವಜಾ ಮಾಡುವುದು ನಿಂತಿತು.

ಈ ಎರಡು ಪ್ರಕರಣಗಳಲ್ಲಿಯೂ ಅರ್ಜಿ ಹಾಕಿದವರು ತಮಗಾಗಿ ಬೇಡಿದುದನ್ನು ಪಡೆಯಲಿಲ್ಲ, ಬೇಡದಿದ್ದವರಿಗೆಲ್ಲ ಪಡೆದುಕೊಟ್ಟರು. ಅಶೋಕನ ಶಾಸನಕ್ಕೆ ಇಲ್ಲದಿದ್ದ ಒಂದು ಅಂಗ ನಮ್ಮ ಸಂವಿಧಾನಕ್ಕಿದೆಯೆಂಬುದನ್ನೂ ಇವು ತೋರಿಸುತ್ತವೆ. ಎಲ್ಲೆಯನ್ನು ದಾಟಿದವನ ವಿರುದ್ಧ ಪ್ರಜೆ ಹೋಗಿ ದೂರುವುದಕ್ಕೆ ಇಲ್ಲಿ ಒಂದು ಬಾಗಿಲಿದೆ.

ಇಪ್ಪತ್ತೊಂದು ತಿಂಗಳು

ಈಗ ಮಸ್ಕಿಗೆ ಬರೋಣ. ಲಿಂಗಸುಗೂರು, ಸಿಂಧನೂರು ಮೊದಲಾದ ತಾಲ್ಲೂಕುಗಳ ಭಾಗಗಳನ್ನು ಕೂಡಿಸಿ ರಚಿಸಿದ ಈ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾದುದು. ಮೊದಲ ಚುನಾವಣೆ ೨೦೦೮ರಲ್ಲಿ ನಡೆಯಿತು. ೨೦೧೮ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೀ ಪ್ರತಾಪಗೌಡ ಪಾಟೀಲರಿಗೂ ಭಾರತೀಯ ಜನತಾ ಪಕ್ಷದ ಶ್ರೀ ಬಸನಗೌಡ ತುರುವಿಹಾಳರಿಗೂ ಅರವತ್ತು ಸಾವಿರಕ್ಕೆ ಮೇಲ್ಪಟ್ಟು ಮತಗಳು ದೊರೆತುವು. ಪಾಟೀಲರು ಗೆದ್ದುದು ಕೇವಲ ೨೧೩ ಮತಗಳ ಅಂತರದಿಂದ. ತುರುವಿಹಾಳರು ಫಲಿತಾಂಶವನ್ನು ಪ್ರಶ್ನಿಸಿ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹೂಡಿದರು.

೨೦೧೯ರ ಜುಲೈ ತಿಂಗಳಲ್ಲಿ ಆಳುವ ಪಕ್ಷಗಳ ಹಲವು ಶಾಸಕರು ರಾಜೀನಾಮೆ ಕೊಟ್ಟುದರಿಂದ ಸರಕಾರ ಬಿದ್ದಿತು. ಮಸ್ಕಿಯ ಶಾಸಕರೂ ಅವರಲ್ಲೊಬ್ಬರು. ಅಂದಿನ ಸಭಾಧ್ಯಕ್ಷರು ಹದಿನೇಳು ಮಂದಿಯನ್ನು ಸಂವಿಧಾನದ ಹತ್ತನೆಯ ಅನುಸೂಚಿಯಂತೆ ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಕೂಡದೆಂದೂ ಆದೇಶಿಸಿದರು. ನವೆಂಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಎರಡು ಗೆರೆಗಳನ್ನು ಎಳೆಯಿತು. ರಾಜೀನಾಮೆಯ ಪತ್ರವು ಅದಕ್ಕೆ ಮೊದಲೇ ಉಂಟಾದ ಅನರ್ಹತೆಯನ್ನು ಅಳಿಸಲಾರದು, ಇದು ಶಾಸಕರಿಗೆ ಎಳೆದ ಗೆರೆ. ಅವಧಿ ಮುಗಿಯುವವರೆಗೆ ಸ್ಪರ್ಧೆಯನ್ನು ನಿಷೇಧಿಸುವ ಅಧಿಕಾರ ಸಭಾಧ್ಯಕ್ಷರಿಗೆ ಇಲ್ಲ, ಇದು ಪೀಠದಲ್ಲಿ ಕುಳಿತವರಿಗೆ ಎಳೆದ ಗೆರೆ. ಕೊನೆಯ ತೀರ್ಮಾನವನ್ನು ಮತದಾರನಿಗೆ ಬಿಟ್ಟಂತಾಯಿತು.

ಆದರೆ ಮಸ್ಕಿಯ ಮತದಾರನಿಗೆ ಆ ತೀರ್ಮಾನದ ಅವಕಾಶ ಬೇಗ ಒದಗಲಿಲ್ಲ. ೨೦೧೯ರ ಡಿಸೆಂಬರ್ ೫ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಹೈಕೋರ್ಟಿನಲ್ಲಿ ತಕರಾರು ಅರ್ಜಿಗಳಿದ್ದ ಕಾರಣದಿಂದ ಮಸ್ಕಿ ಮತ್ತು ಬೆಂಗಳೂರಿನ ರಾಜರಾಜೇಶ್ವರಿನಗರಗಳು ಹೊರಗುಳಿದುವು. ಮಸ್ಕಿಯ ಮತದಾನ ನಡೆದುದು ೨೦೨೧ರ ಏಪ್ರಿಲ್ ೧೭ರಂದು, ಫಲಿತಾಂಶ ಬಂದುದು ಮೇ ೨ರಂದು. ಅನರ್ಹತೆಯ ದಿನದಿಂದ ಎಣಿಸಿದರೆ ಇಪ್ಪತ್ತೊಂದು ತಿಂಗಳು ಈ ಕ್ಷೇತ್ರಕ್ಕೆ ವಿಧಾನಸಭೆಯಲ್ಲಿ ಧ್ವನಿಯಿರಲಿಲ್ಲ. ಕೋವಿಡ್ ಮಹಾಮಾರಿಯ ಮೊದಲ ವರ್ಷ ಅದೇ ಅವಧಿಯಲ್ಲಿ ಬಂದಿತು. ನಾರಾಯಣಪುರ ಬಲದಂಡೆಯ ೫ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ೨೦೨೦ರ ಕೊನೆಯಲ್ಲಿ ಧರಣಿ ಆರಂಭಿಸಿದುದೂ ಅದೇ ಅವಧಿಯಲ್ಲಿ. ನೀರು ಬೇಡುವವರು ಬೀದಿಯಲ್ಲಿ ಕುಳಿತಾಗ ಅವರ ಪರವಾಗಿ ಸದನದಲ್ಲಿ ನಿಲ್ಲಬೇಕಾದ ಸ್ಥಾನ ಬರಿದಾಗಿದ್ದಿತು.

ಉಪಚುನಾವಣೆಯಲ್ಲಿ ತುರುವಿಹಾಳರು ೩೦,೬೦೬ ಮತಗಳ ಅಂತರದಿಂದ ಗೆದ್ದರು. ಇದನ್ನು ಪಕ್ಷಾಂತರಕ್ಕೆ ಪ್ರಜೆ ವಿಧಿಸಿದ ದಂಡವೆಂದು ಹಲವರು ಬಣ್ಣಿಸಿದರು. ಅಷ್ಟು ಸರಳವಾಗಿ ಹೇಳುವಂತಿಲ್ಲ. ಆ ಹೊತ್ತಿಗೆ ಪಾಟೀಲರು ಭಾರತೀಯ ಜನತಾ ಪಕ್ಷದಿಂದಲೂ ತುರುವಿಹಾಳರು ಕಾಂಗ್ರೆಸ್ಸಿನಿಂದಲೂ ನಿಂತಿದ್ದರು; ಇಬ್ಬರ ಚಿಹ್ನೆಗಳೂ ಅದಲುಬದಲಾಗಿದ್ದುವು. ಅಲ್ಲದೆ ೨೦೧೯ರಲ್ಲಿ ಮತದಾನ ನಡೆದ ಹದಿನೈದು ಕ್ಷೇತ್ರಗಳಲ್ಲಿ ಹನ್ನೆರಡನ್ನು ಶಾಸಕರು ವಲಸೆ ಹೋದ ಪಕ್ಷವೇ ಗೆದ್ದಿದ್ದಿತು. ಆದ್ದರಿಂದ ಮತದಾರನು ಪಕ್ಷಾಂತರವನ್ನು ಸದಾ ದಂಡಿಸುವನೆಂದಾಗಲಿ ಸದಾ ಮನ್ನಿಸುವನೆಂದಾಗಲಿ ಹೇಳುವುದು ಸತ್ಯವಲ್ಲ. ಸತ್ಯವಾಗಿ ಹೇಳಬಹುದಾದುದು ಒಂದೇ: ತೀರ್ಪು ಕೊಡಬೇಕಾದವನನ್ನು ಹೆಚ್ಚು ಕಾಲ ಕಾಯಿಸುವುದು ಅನ್ಯಾಯ.

ನಮ್ಮ ಅಡತಿ ವ್ಯಾಪಾರದ ರೀತಿಯಿಂದ ಇದನ್ನು ವಿವರಿಸಬಹುದು. ರೈತನು ಮಾಲನ್ನು ಅಡತಿ ಅಂಗಡಿಗೆ ತಂದಿಳಿಸುತ್ತಾನೆ. ಅಡತಿಯವನು ಅದನ್ನು ತೂಗಿಸಿ, ಹರಾಜಿಗೆ ಇಟ್ಟು, ಪಟ್ಟಿ ಮಾಡಿ, ಮಾರಿದ ಹಣವನ್ನು ರೈತನಿಗೆ ಒಪ್ಪಿಸಬೇಕು. ಮಾಲು ತನ್ನ ಅಂಗಡಿಯಲ್ಲಿದೆಯೆಂದು ಅದನ್ನು ತನ್ನದೆಂದು ಮಾರಿಕೊಂಡರೆ ಪೇಟೆಯಲ್ಲಿ ಅವನ ಹೆಸರು ಉಳಿಯುವುದಿಲ್ಲ. ಶಾಸಕನ ಬಳಿ ಇರುವ ಮತವೂ ಅಂತಹ ಮಾಲೇ. ಅದು ಅವನ ಸ್ವಾಧೀನದಲ್ಲಿದೆ, ಸ್ವತ್ತಿನಲ್ಲಿಲ್ಲ.

ಎರಡೂ ಕಡೆಯ ಮಾತು

ಅಶೋಕನ ಹನ್ನೆರಡನೆಯ ಬಂಡೆ ಶಾಸನವು ಭಿನ್ನ ಮತದವರು ಪರಸ್ಪರ ಮಾತನಾಡುವಾಗ ನಾಲಗೆಯ ಮೇಲೆ ಹಿಡಿತವಿರಬೇಕೆಂದು ಹೇಳಿ, ಅದಕ್ಕೆ ‘ವಚಗುತಿ’ ಎಂಬ ಪದವನ್ನು ಬಳಸುತ್ತದೆ. ನಮ್ಮ ಆಚಾರ್ಯರು ಹೇಳುವ ವಚನಗುಪ್ತಿ ವಾಚಕರಿಗೆ ತಟ್ಟನೆ ನೆನಪಾಗಬಹುದು. ಸುಧಾರಣೆಯ ಚರ್ಚೆಯಲ್ಲಿಯೂ ಎದುರು ಪಕ್ಷದ ಮಾತನ್ನು ಪೂರ್ಣವಾಗಿ ಕೇಳುವುದು ಅಗತ್ಯ.

೧೯೮೫ರ ಐವತ್ತೆರಡನೆಯ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂದಿತು. ೨೦೦೩ರ ತೊಂಬತ್ತೊಂದನೆಯ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಈ ಕಾನೂನನ್ನು ಆಕ್ಷೇಪಿಸುವವರು ಹೇಳುವುದೇನೆಂದರೆ, ಶಾಸಕನು ಪಕ್ಷದ ಸಚೇತಕನ ಆಜ್ಞೆಯಂತೆ ಕ��ಯೆತ್ತುವ ಯಂತ್ರವಾಗುತ್ತಾನೆ, ಅವನ ಅಂತಃಸಾಕ್ಷಿಗೆ ಬೆಲೆಯಿಲ್ಲದಾಗುತ್ತದೆ. ಈ ಮಾತಿನಲ್ಲಿ ಹುರುಳಿದೆ. ಸರಕಾರದ ಅಳಿವು ಉಳಿವಿನ ಪ್ರಶ್ನೆಯಿಲ್ಲದ ಮಸೂದೆಗಳಲ್ಲಿ ಶಾಸಕನಿಗೆ ಸ್ವಾತಂತ್ರ್ಯವಿರುವುದು ಒಳ್ಳೆಯದೇ. ಆದರೆ ಸರಕಾರವನ್ನೇ ಬೀಳಿಸುವಷ್ಟು ಭಿನ್ನಾಭಿಪ್ರಾಯವಿದ್ದರೆ ಅದನ್ನು ಮೊದಲು ಒಪ್ಪಿಸಬೇಕಾದುದು ತನ್ನನ್ನು ಕಳುಹಿಸಿದವರಿಗೆ.

ಹಾಗಾದರೆ ನಿರ್ಣಯ ಯಾರ ಕೈಯಲ್ಲಿರಬೇಕು? ಸಭಾಧ್ಯಕ್ಷರು ಒಂದು ಪಕ್ಷದಿಂದ ಗೆದ್ದು ಬಂದವರೇ ಆಗಿರುತ್ತಾರೆ. ಈ ಅಧಿಕಾರವನ್ನು ಚುನಾವಣಾ ಆಯೋಗದ ಸಲಹೆಯಂತೆ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಚಲಾಯಿಸಬೇಕೆಂದು ೧೯೯೦ರ ದಿನೇಶ್ ಗೋಸ್ವಾಮಿ ಸಮಿತಿಯೂ ೨೦೧೫ರ ಕಾನೂನು ಆಯೋಗದ ೨೫೫ನೆಯ ವರದಿಯೂ ಸೂಚಿಸಿದುವು. ೨೦೨೦ರ ಜನವರಿಯಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವತಂತ್ರ ನ್ಯಾಯಮಂಡಲಿಯನ್ನು ರಚಿಸುವ ಬಗ್ಗೆ ಸಂಸತ್ತು ಯೋಚಿಸಬೇಕೆಂದಿತು; ಇಂತಹ ಅರ್ಜಿಗಳು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದೂ ಹೇಳಿತು. ತಕರಾರು ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿಯೇ ಇದೆ. ‘ಯತ್ನಿಸಬೇಕು’ ಎಂಬಲ್ಲಿ ‘ಮುಗಿಸಬೇಕು’ ಎಂದಿದ್ದು, ಅದಕ್ಕೆ ತಕ್ಕ ನ್ಯಾಯಾಧೀಶರೂ ಇದ್ದಿದ್ದರೆ ಮಸ್ಕಿಯ ಸ್ಥಾನ ಅಷ್ಟು ಕಾಲ ಬರಿದಾಗಿ ಇರುತ್ತಿರಲಿಲ್ಲ.

ಮತವನ್ನು ಎಣಿಸುವ ಬಗೆ

ಇನ್ನೊಂದು ಸುಧಾರಣೆಯ ಮಾತು ಎಣಿಕೆಯ ಪದ್ಧತಿಗೆ ಸಂಬಂಧಿಸಿದುದು. ಈಗಿನ ಪದ್ಧತಿಯಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆಲ್ಲುತ್ತಾನೆ, ಅರ್ಧವನ್ನು ದಾಟಬೇಕಾಗಿಲ್ಲ. ೨೦೧೮ರಲ್ಲಿ ಮಸ್ಕಿಯ ಇಬ್ಬರು ಮುಖ್ಯ ಅಭ್ಯರ್ಥಿಗಳಲ್ಲಿ ಯಾರೂ ಅರ್ಧವನ್ನು ದಾಟಿರಲಿಲ್ಲ. ಸಂವಿಧಾನ ಸಭೆಯಲ್ಲಿ ೧೯೪೯ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಪ್ರಮಾಣಾನುಗುಣ ಪ್ರಾತಿನಿಧ್ಯಕ್ಕಾಗಿ ತಿದ್ದುಪಡಿಯನ್ನು ಮಂಡಿಸಿದಾಗ ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಆ ಪದ್ಧತಿಗೆ ಸಾಕಷ್ಟು ಅಕ್ಷರಜ್ಞಾನ ಬೇಕು, ಅದು ಸ್ಥಿರ ಸರಕಾರಕ್ಕೆ ಅಡ್ಡಿಯಾದೀತು, ಎಂಬಿವು ಅವರ ಕಾರಣಗಳು. ೧೯೫೧ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ ಹದಿನೆಂಟರಷ್ಟಿದ್ದುದನ್ನು ನೆನೆದರೆ ಮೊದಲನೆಯ ಕಾರಣ ಅಂದಿಗೆ ಸರಿಯಾದುದೇ. ಇಂದು ಅದು ಅಷ್ಟಾಗಿ ನಿಲ್ಲುವುದಿಲ್ಲ. ಎರಡನೆಯದು ಇಂದಿಗೂ ವಿಚಾರಾರ್ಹ.

ಕಾನೂನು ಆಯೋಗವು ೧೯೯೯ರಲ್ಲಿಯೂ ೨೦೧೫ರಲ್ಲಿಯೂ ಎರಡು ಪದ್ಧತಿಗಳನ್ನು ಬೆರೆಸುವ ಸಲಹೆ ನೀಡಿತು. ಕ್ಷೇತ್ರವಾರು ಪ್ರತಿನಿಧಿಯನ್ನು ಪೂರ್ತಿಯಾಗಿ ಕೈಬಿಡುವುದು ಮಾತ್ರ ನಮ್ಮಂತಹ ಹಿಂದುಳಿದ ಸೀಮೆಗೆ ಹಿತವಲ್ಲ. ಪಾಮನಕಲ್ಲೂರಿನ ರೈತನಿಗೆ ಹೋಗಿ ಕೇಳಲು ಒಬ್ಬ ಗೊತ್ತಾದ ಮನುಷ್ಯ ಬೇಕು. ಪಕ್ಷದ ಪಟ್ಟಿಯಲ್ಲಿನ ಹೆಸರು ಸಾಲದು. ಮಸ್ಕಿ, ಲಿಂಗಸುಗೂರುಗಳಂತಹ ಮೀಸಲು ಕ್ಷೇತ್ರಗಳ ರಕ್ಷಣೆಯೂ ಉಳಿಯಬೇಕು.

ಇವೆರಡರ ನಡುವಿನ ಮಾರ್ಗವೊಂದು ನಮ್ಮಲ್ಲಿಯೇ ಬಳಕೆಯಲ್ಲಿದೆ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರದ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ೧, ೨, ೩ ಎಂದು ಪ್ರಾಶಸ್ತ್ಯದ ಅಂಕಿಗಳನ್ನು ಬರೆಯುತ್ತಾರೆ. ಮೊದಲ ಎಣಿಕೆಯಲ್ಲಿ ಯಾರೂ ಅರ್ಧವನ್ನು ದಾಟದಿದ್ದರೆ ಕೊನೆಯವನನ್ನು ಕೈಬಿಟ್ಟು ಅವನ ಮತಪತ್ರಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಹಂಚಲಾಗುತ್ತದೆ. ವಿಧಾನಸಭೆಗೂ ಇದೇ ಕ್ರಮವಿದ್ದಿದ್ದರೆ ಮಸ್ಕಿಯಲ್ಲಿ ಮೂರನೆಯವರಿಗೆ ಮತ ಕೊಟ್ಟವರ ಅಭಿಪ್ರಾಯವೂ ತೂಕಕ್ಕೆ ಬರುತ್ತಿದ್ದಿತು. ಆದರೆ ಒಂದನ್ನು ಮರೆಯಬಾರದು. ಎಣಿಕೆಯ ಬಗೆಯು ಆಯ್ಕೆಯನ್ನು ತಿದ್ದಬಹುದು, ಆಯ್ಕೆಯಾದವನ ನಡತೆಯನ್ನು ತಿದ್ದಲಾರದು. ಆದ್ದರಿಂದ ಮೊದಲು ಆಗಬೇಕಾದುದು ಬರಿದಾದ ಸ್ಥಾನವನ್ನು ಗೊತ್ತಾದ ಕಾಲದಲ್ಲಿ ತುಂಬುವ, ಅನರ್ಹತೆಯನ್ನು ನಿಷ್ಪಕ್ಷಪಾತಿಯೊಬ್ಬನು ನಿರ್ಣಯಿಸುವ ಕಟ್ಟಳೆ. ಎಣಿಕೆಯ ಸುಧಾರಣೆ ಅನಂತರದ್ದು.

ಉಪಸಂಹಾರ

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈ ನೆಲದ ಇತಿಹಾಸ ಕೊಡುವ ಉತ್ತರ ಹೀಗಿದೆ. ಆಳುವವನ ಸದ್ಗುಣವೊಂದೇ ಸಾಲದು. ಅದು ಅವನೊಡನೆ ಮುಗಿಯುತ್ತದೆ. ಬರೆದ ಕಟ್ಟಳೆಯೊಂದೇ ಸಾಲದು. ಹತ್ತನೆಯ ಅನುಸೂಚಿ ಇದ್ದಾಗಲೇ ೨೦೧೯ರ ಘಟನೆಗಳು ನಡೆದುವು. ಮತವೊಂದೇ ಸಾಲದು, ಮತ ಕೊಡುವ ದಿನವನ್ನೇ ಮುಂದೂಡಿದರೆ ಅದು ಕೈಯಲ್ಲಿದ್ದೂ ಇಲ್ಲದಂತೆ. ಮೂರೂ ಒಂದನ್ನೊಂದು ಕಾಯುತ್ತಿರಬೇಕು. ಗೃಹಸ್ಥನು ತನ್ನ ಪರಿಗ್ರಹಕ್ಕೆ ಪರಿಮಾಣವನ್ನು ಹಾಕಿಕೊಳ್ಳುವಂತೆ ಅಧಿಕಾರವುಳ್ಳವನು ಅಧಿಕಾರಕ್ಕೂ ಹಾಕಿಕೊಳ್ಳಬೇಕೆಂದು ಉಪದೇಶಿಸುವುದು ಸುಲಭ. ಆದರೆ ಹಾಗೆ ಹೇಳುವಾಗ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ.

ಪದವೀಧರರ ಕ್ಷೇತ್ರದ ಮತಗಟ್ಟೆಯಲ್ಲಿ ನೇರಳೆ ಬಣ್ಣದ ಪೆನ್ನು ಹಿಡಿದು ನಾನೂ ಅಂಕಿ ಬರೆದವನು. ಸಂವಿಧಾನದ ೧೭೧ನೆಯ ಅನುಚ್ಛೇದ ಕೊಟ್ಟ ಹಕ್ಕು ಅದು. ಅನುಭವಿಗಳ ಸಲಹೆ ಶಾಸನಕ್ಕೆ ದೊರೆಯಲೆಂಬ ಸದುದ್ದೇಶ ಅದರ ಹಿಂದಿದೆ. ಆದರೂ ನನ್ನ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲನಿಗೆ ವಿಧಾನಸಭೆಗೆ ಮಾತ್ರ ಮತ. ವಾಣಿಜ್ಯದ ಪದವಿ ಪಡೆದ ನನಗೆ ಪರಿಷತ್ತಿಗೂ ಮತ. ೧೯೩೯ರ ನಿಜಾಮರ ಯೋಜನೆ ವೃತ್ತಿಯನ್ನು ನೋಡಿ ಮತ ಕೊಟ್ಟಿದ್ದನ್ನು ಮೇಲೆ ಟೀಕಿಸಿದ್ದೇನೆ. ಪದವಿಯನ್ನು ನೋಡಿ ಕೊಟ್ಟ ಮತವನ್ನು ಅದೇ ಬಾಯಿಂದ ಸಮರ್ಥಿಸುವುದು ನನಗೆ ಕಷ್ಟವಾಗುತ್ತದೆ. ಈ ಹೆಚ್ಚಿನ ಮತವನ್ನು ಕಾನೂನು ಎಂದಾದರೂ ಹಿಂದೆಗೆದುಕೊಂಡರೆ ನನ್ನ ಆಕ್ಷೇಪಣೆಯಿಲ್ಲ. ಅಲ್ಲಿಯವರೆಗೆ ಆ ಪೆನ್ನನ್ನು ಹಿಡಿದಾಗಲೆಲ್ಲ ಮಸ್ಕಿಯ ಖುದಕನು ನೆನಪಾಗುತ್ತಲೇ ಇರುತ್ತಾನೆ.